ತಲೆಬರಹವಿಲ್ಲದ ಹಾಳೆ

"ನಿನ್ ಕೈಗೆ ಹುಳ ಬೀಳ. ಇದೇ ಕೈಯಲ್ಲಿ ತಾನೆ ನನ್ ಹೆಸ್ರು ಬರ್ಕೊಂಡಿದ್ದು?"

ವಾರ್ಕಿನಾ ಬೊಗಸೆ ತುಂಬ ಖಾಲಿ ಚಿಪ್ಪು ಎತ್ತಿ ದರ್ಸಿನಾಳ ಮುಖಕ್ಕೆ ಎಸೆದಳು. ಒಂದರ ಅಂಚು ಹುಬ್ಬನ್ನು ಕೊರೆದು ರಕ್ತ ಇಳಿಯಿತು. ಸಮುದ್ರದ ಚಿಪ್ಪಿ ಬಿಡಿಸುವ ಹಲಗೆಯ ಸುತ್ತ ಕೂತಿದ್ದ ಹನ್ನೊಂದು ಹೆಂಗಸರಲ್ಲಿ ಒಬ್ಬಳೂ ತಡೆಯಲಿಲ್ಲ. ದರ್ಸಿನಾ ತೋಳಿನಿಂದ ಹುಬ್ಬು ಒರೆಸಿಕೊಂಡು, ಮುಂದಿನ ಚಿಪ್ಪಿ ಬಿಡಿಸಿ, ಮಾಂಸ ಬುಟ್ಟಿಗೆ, ಚಿಪ್ಪು ಬೆನ್ನ ಹಿಂದಕ್ಕೆ ಹಾಕಿದಳು. ಕೈ ನಿಂತರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಬೋಸುಡಿ, ಬಾಯಿ ಬಿಡೇ. ಊಟದ್ ಡಬ್ಬಿ ಕೊಡ್ತಾರೆ ಬಾ ಬಾ ಅಂತ ಮನೆಮನೆಗೆ ಬಂದು ಕರ್ದೋಳು ನೀನು. ಈಗ ಊರೇ ಎತ್ತಾಕ್ತಾವ್ರೆ. ನಿಂಗೆ ಆ ಪ್ರೊಫೆಸರು ಏನ್ ಕೊಟ್ಟ? ಒಂದು ಡಬ್ಬಿ ಜಾಸ್ತಿ ಕೊಟ್ನಾ?"

ಆ ಬೆಳಿಗ್ಗೆ ಪ್ರಾರ್ಥನಾಮನೆಯ ಗೋಡೆಗೆ ನಗರಾಡಳಿತದವರು ನೋಟೀಸು ಅಂಟಿಸಿ ಹೋಗಿದ್ದರು. ಚಿಪ್ಪಿಯವರ ಈ ಓಣಿ, ಕಂಪುಂಗ್ ತಿರಮ್, ನಲವತ್ತು ದಿನದೊಳಗೆ ಖಾಲಿಯಾಗಬೇಕು. ಆ ಜಾಗದಲ್ಲಿ ಸಮುದ್ರದ ತಡೆಗೋಡೆ, ಅದರ ಮೇಲೆ ಅಡ್ಡಾಡುವವರಿಗೆ ಉದ್ಯಾನ. ಇಲ್ಲಿನವರಿಗೆ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದಲ್ಲಿ, ಹದಿನಾರು ಮಹಡಿಯ ಕಟ್ಟಡದಲ್ಲಿ ಮನೆ. ಅಲ್ಲಿ ಸಮುದ್ರವಿಲ್ಲ. ಡ್ರಮ್ಮಿನಲ್ಲಿ ಚಿಪ್ಪಿ ಬೇಯಿಸಲು ಸೌದೆ ಹಚ್ಚಿದರೆ ಪೊಲೀಸರು ಬರುತ್ತಾರೆ. ನೋಟೀಸಿನ ಕೊನೆಯ ಸಾಲಿನಲ್ಲಿ, ನಿವಾಸಿಗಳು ಇದಕ್ಕೆ ಸ್ವಇಚ್ಛೆಯಿಂದ ಒಪ್ಪಿದ್ದಾರೆ ಎಂದಿತ್ತು. ಸಾಕ್ಷಿಗೆ ಆರು ಹಾಳೆಗಳ ನಕಲು ಜೊತೆಗಿತ್ತು. ನೂರ ಹನ್ನೆರಡು ಹೆಸರು, ಹೆಸರಿನ ಮುಂದೆ ನೂರ ಹನ್ನೆರಡು ಸಹಿ. ಹೆಸರುಗಳೆಲ್ಲ ದುಂಡಗೆ, ಒಂದೇ ಅಳತೆಯಲ್ಲಿ, ದರ್ಸಿನಾಳ ಕೈಬರಹದಲ್ಲಿದ್ದವು.

ವಾರ್ಕಿನಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಿಂದಿನ ವರ್ಷ ಡಾಕ್ಟರ್ ಪ್ರಸೆತ್ಯೊ ವಿಶ್ವವಿದ್ಯಾಲಯದ ಬಿಳಿ ವ್ಯಾನಿನಲ್ಲಿ ಬಂದು, ಸರ್ಕಾರದ ತೀರ್ಮಾನಗಳಲ್ಲಿ ಬಡವರು ಹೇಗೆ ಪಾಲ್ಗೊಳ್ಳುತ್ತಾರೆ ಎಂದು ಅಧ್ಯಯನ ಮಾಡುತ್ತೇನೆ ಎಂದಿದ್ದ. ಓಣಿಯಲ್ಲಿ ಹನ್ನೆರಡನೇ ತರಗತಿ ಮುಗಿಸಿದವಳು ದರ್ಸಿನಾ ಒಬ್ಬಳೇ. ಅವಳನ್ನು ಸ್ಥಳೀಯ ಸಹಾಯಕಿ ಎಂದು ಕರೆದು, ಕೊರಳಿಗೆ ಫೋಟೋ ಇರುವ ಬಿಲ್ಲೆ ಹಾಕಿದರು. ಮೂರು ಸಭೆ ನಡೆದವು. ಒಂದೊಂದು ಸಭೆಯಲ್ಲೂ ಪ್ರಸೆತ್ಯೊ ಒಂದು ಗಂಟೆ ಮಾತಾಡಿದ, ಅವನ ಶಿಷ್ಯೆ ಲಿನ್ತಾಂಗ್ ಬರೆದುಕೊಂಡಳು, ಆಮೇಲೆ ಅನ್ನ, ಸೋಯಾ ಕಾಳಿನ ಕರಿದ ತೆಂಪೆ, ಕೋಳಿಯ ತುಂಡು ಇಟ್ಟ ರಟ್ಟಿನ ಡಬ್ಬಿ ಹಂಚಿದರು. ಡಬ್ಬಿ ತಗೊಳ್ಳುವವರು ಸಹಿ ಹಾಕಬೇಕು. ಇದು ಯಾರಿಗೂ ಹೊಸದಲ್ಲ. ಮಕ್ಕಳ ಲಸಿಕೆಗೆ ಹೋದರೂ, ಸೊಳ್ಳೆಮದ್ದಿನ ಭಾಷಣಕ್ಕೆ ಹೋದರೂ, ಪಕ್ಷದವರ ಮೆರವಣಿಗೆಗೆ ಹೋದರೂ ಒಂದು ಕೈಯಲ್ಲಿ ಸಹಿ, ಇನ್ನೊಂದು ಕೈಯಲ್ಲಿ ಡಬ್ಬಿ. ನಡೆಯಲು ಕಲಿತ ಹಾಗೆ ಅವರು ಇದನ್ನೂ ಕಲಿತಿದ್ದರು.

ಹಾಳೆಗಳಲ್ಲಿ ನಾಲ್ಕು ಕಾಲಮುಗಳಿದ್ದವು: ಸಂಖ್ಯೆ, ಹೆಸರು, ಮನೆ, ಸಹಿ. ಮೇಲೆ ನಾಲ್ಕು ಬೆರಳಷ್ಟು ಜಾಗ ಖಾಲಿ. ದರ್ಸಿನಾ ಅದನ್ನು ಗಮನಿಸಿದ್ದಳು, ಕೇಳಿಯೂ ಇದ್ದಳು. "ತಲೆಬರಹ ಆಮೇಲೆ ಹಾಕಿಸ್ತೀವಿ ಬು, ಈಗ ಅನ್ನ ಆರುತ್ತೆ," ಎಂದು, ಅಮ್ಮಾ ಎನ್ನುವ ಬು ಸೇರಿಸಿ, ಪ್ರಸೆತ್ಯೊ ನಕ್ಕಿದ್ದ. ಹಿಂದೆ ನಿಂತಿದ್ದ ವಾರ್ಕಿನಾಳೇ, "ಬೇಗ ಬರಿಯೇ, ಕೋಳಿ ಕಾಲು ಖಾಲಿಯಾಗ್ತದೆ," ಎಂದು ಅವಳ ಬೆನ್ನಿಗೆ ತಿವಿದಿದ್ದಳು. ದರ್ಸಿನಾ ಈಗ ಅದನ್ನು ನೆನಪಿಸಬಹುದಿತ್ತು. ಇನ್ನೊಂದು ಚಿಪ್ಪಿಗೆ ಕತ್ತಿ ಹಾಕಿದಳು.

ಹಲಗೆಯ ಆ ತುದಿಯಲ್ಲಿ ಮಾಕ್ ರಾಸ್ತಿ ಕೂತಿದ್ದಳು. ಓಣಿಗೆಲ್ಲ ತಾಯಿಯಂಥ ಮುದುಕಿ. ಐವತ್ತು ವರ್ಷ ಚಿಪ್ಪಿ ಬಿಡಿಸಿ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಗುರುತಿನ ಚೀಟಿ ಮಾಡಿಸಲು ಹೋದಾಗ ಯಂತ್ರ ಅವಳನ್ನು ಮನುಷ್ಯಳೆಂದು ಒಪ್ಪಿರಲಿಲ್ಲ. ಅವಳು ತಲೆಯೆತ್ತದೆ ಹೇಳಿದಳು, "ಚಿಪ್ ಎಸೆದ್ರೆ ನೋಟೀಸು ಹರಿಯಾಕಿಲ್ಲ ವಾರ್ಕಿನಾ. ಏ ದರ್ಸಿನಾ, ಬರ್ಸಿದೋಳು ನೀನು. ಅಳಿಸ್ಕೊಂಡು ಬಾ."

*

ವಸತಿ ಇಲಾಖೆಯ ಅಧಿಕಾರಿ ಸುತೆಜೊ ಅವಳನ್ನು ಎರಡು ದಿನ ಮೆಟ್ಟಿಲ ಮೇಲೆ ಕೂರಿಸಿ, ಮೂರನೆಯ ದಿನ ಒಳಗೆ ಕರೆಸಿದ. ಬಂದವಳು ಕೂರುವ ಮುಂಚೆಯೇ ವಾಸನೆ ತನ್ನತ್ತ ಬಾರದಂತೆ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ.

"ಏನಮ್ಮ, ಸಮುದ್ರಾನೇ ಹೊತ್ಕೊಂಡು ಬಂದಿದ್ದೀಯ?" ಎಂದ. ಪಕ್ಕದ ಮೇಜಿನ ಗುಮಾಸ್ತ ನಕ್ಕ.

ಅವಳು ಅಸಲು ಹಾಳೆ ತೋರಿಸಲು ಕೇಳಿಕೊಂಡಳು. ಫೈಲು ತೆರೆದಾಗ ಮೂರನೆಯ ಹಾಳೆಯ ಮೇಲೆ ಅವಳ ಕಣ್ಣು ನಿಂತಿತು. ಮೇಲಿನ ಖಾಲಿ ಜಾಗದಲ್ಲಿ ಯಾವುದೋ ಡಬ್ಬಿಯಿಂದ ಸೋರಿದ ತೆಂಪೆಯ ಎಣ್ಣೆ ಹುಣಸೆಬೀಜದಗಲ ಕಲೆಯಾಗಿತ್ತು. ಸ್ಥಳಾಂತರಕ್ಕೆ ಒಪ್ಪಿಗೆ ಪತ್ರ ಎಂಬ ತಲೆಬರಹದ ಅಕ್ಷರಗಳು ಬೇರೆಲ್ಲ ಕಡೆ ಗಟ್ಟಿಯಾಗಿ ಕೂತಿದ್ದವು, ಕಲೆಯ ಮೇಲೆ ಬಂದಾಗ ಮಾತ್ರ ಶಾಯಿ ಹಿಡಿಯದೆ ಹೊಪ್ಪಳೆ ಎದ್ದು ಉದುರಿತ್ತು. ಎಣ್ಣೆ ಮೊದಲು ಬಿದ್ದದ್ದು, ಅಕ್ಷರ ಆಮೇಲೆ. ಕಣ್ಣಿದ್ದವರಿಗೆ ಅಷ್ಟು ಸಾಕು. ಅವಳು ಬೆರಳಿಟ್ಟು ತೋರಿಸಿದಳು. ಊಟದ ಡಬ್ಬಿಗೆ ಹಾಕಿದ ಹಾಜರಿ ಸಹಿ ಇದು, ಮೇಲಿನದನ್ನು ಆಮೇಲೆ ಅಚ್ಚು ಹಾಕಿದ್ದಾರೆ ಎಂದಳು.

ಸುತೆಜೊ ಅವಳ ಬೆರಳನ್ನು ಪೆನ್ನಿನ ತುದಿಯಿಂದ ಹಾಳೆಯಿಂದಾಚೆ ತಳ್ಳಿದ.

"ಎಣ್ಣೆ ಕಲೆ ನೋಡಿ ಫೈಲ್ ಮುಚ್ಚೋಕೆ ನಾನೇನು ದೋಬಿನಾ? ಇದರ ಹಿಂದೆ ಒಬ್ಬ ವಿದ್ವಾಂಸರ ಸಂಶೋಧನೆ ಇದೆ. ಸಹಿ ಹಾಕಿದ್ರೆ ಒಪ್ಪಿದ ಹಾಗೆ, ಅಷ್ಟೇ. ಒಂದು ಕೆಲಸ ಮಾಡು. ಆ ಪ್ರೊಫೆಸರೇ ಎದ್ದು ನಿಂತು, ಊಟದ ಡಬ್ಬಿಗೆ ಹಾಕಿದ ಸಹಿ ಒಪ್ಪಿಗೆ ಅಲ್ಲ ಅಂತ ನಾಲ್ಕು ಜನರ ಎದುರಿಗೆ ಹೇಳ್ಲಿ. ಅವತ್ತೇ ಕಂಪುಂಗ್ ತಿರಮ್ ಫೈಲ್ ಕೆಳಗಿಡ್ತೀನಿ."

ಗುಮಾಸ್ತ ಮತ್ತೆ ನಕ್ಕ. ದರ್ಸಿನಾ ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು, ಅಕ್ಷರ ತಪ್ಪದ ಹಾಗೆ ಗಂಟು ಹಾಕಿಟ್ಟಳು.

*

ಪ್ರಸೆತ್ಯೊನ ಕೋಣೆ ತಣ್ಣಗಿತ್ತು. ಅವಳು ಚಪ್ಪಲಿ ಹೊರಗೆ ಬಿಟ್ಟು ಬಂದಳು. ಲಿನ್ತಾಂಗ್ ಕುರ್ಚಿ ಎಳೆಯುವಷ್ಟರಲ್ಲಿ ಅವನೇ ಎದ್ದು ಅದರ ಮೇಲೆ ವೃತ್ತಪತ್ರಿಕೆ ಹಾಸಿದ.

"ಬೇಜಾರ್ ಮಾಡ್ಕೋಬೇಡಿ ಬು ದರ್ಸಿನಾ. ಕುಶನ್ ಹೊಸದು."

ಅವಳು ಕೂರಲಿಲ್ಲ. ಗುರುಹಿರಿಯರಿಗೆ ಮಾಡುವಂತೆ ಬಾಗಿ, ಅವನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಮನೆಯಿಂದ ಹೊರಡುವಾಗ ಮೂರು ಸಲ ಸೋಪು ಹಾಕಿ ತೊಳೆದಿದ್ದಳು. ಆದರೆ ಚಿಪ್ಪಿಯ ವಾಸನೆ ಚರ್ಮದೊಳಗಿನದು. ಅವನು ಕೈ ಬಿಡಿಸಿಕೊಂಡು, ಮೇಜಿನ ಮೇಲಿನ ಕಾಗದದ ಕರವಸ್ತ್ರ ಎಳೆದು, ಮಾತಾಡುತ್ತಲೇ ಬೆರಳು ಬೆರಳಿನ ಸಂದು ಒರೆಸಿದ. ಒರೆಸುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ಸ್ವಾಮಿ ಎನ್ನುವಂತೆ ಪಾಕ್ ಎಂದು ಕರೆದು ಅವಳು ಕೇಳಿದ್ದು ಒಂದೇ ಮಾತು. ಆ ಸಹಿಗಳು ಹಾಜರಿಯವು ಎಂದು ಒಂದು ಚೀಟಿ ಬರೆದುಕೊಡಿ. ಊರು ಉಳಿಯುತ್ತದೆ.

ಅವನು ಸಿಟ್ಟಾಗಲಿಲ್ಲ. ಪುಸ್ತಕ ತೆರೆದು ಒಂದು ನಕ್ಷೆ ತೋರಿಸಿದ. ಹದಿನಾಲ್ಕು ಚುಕ್ಕಿಗಳ ನಡುವೆ ಎಲ್ಲಕ್ಕಿಂತ ಮೇಲಿನ ಚುಕ್ಕಿ ಕಂಪುಂಗ್ ತಿರಮ್: ಒಪ್ಪಿಗೆ, ನೂರಕ್ಕೆ ತೊಂಬತ್ತೆಂಟು. ಆ ಚುಕ್ಕಿಯಿಂದಲೇ ಅವನಿಗೆ ಪೂರ್ಣ ಪ್ರಾಧ್ಯಾಪಕನ ಪದವಿ ಬಂದಿತ್ತು. ನಗರಾಡಳಿತದ ಸಲಹೆಗಾರನ ಕುರ್ಚಿಯೂ.

"ನೀವೆಲ್ಲ ಬಂದ್ರಿ, ಕೂತ್ರಿ, ತಿಂದ್ರಿ. ಮಧ್ಯದಲ್ಲಿ ಯಾರೂ ಎದ್ದು ಹೋಗ್ಲಿಲ್ಲ. ನಮ್ಮ ಶಾಸ್ತ್ರದಲ್ಲಿ ಇದನ್ನ ಪಾಲ್ಗೊಳ್ಳುವಿಕೆ ಅಂತೀವಿ. ಪಾಲ್ಗೊಂಡು, ವಿರೋಧ ಹೇಳದೆ, ಸಹಿ ಹಾಕಿದ್ರೆ ಅದು ಒಪ್ಪಿಗೆ."

"ಊರು ಬಿಡ್ತೀರಾ ಅಂತ ನೀವು ಕೇಳ್ಲೇ ಇಲ್ವಲ್ಲ ಪಾಕ್."

"ಕೇಳಿದ್ರೆ ಜನ ಗಾಬರಿಯಾಗಿ ಏನೇನೋ ಹೇಳ್ತಾರೆ. ಕೇಳದೇ ಸಿಕ್ಕೋ ಉತ್ತರಾನೇ ಸಹಜ ಉತ್ತರ." ಅವನು ಮಗುವಿಗೆ ಹೇಳುವಷ್ಟು ಮೃದುವಾಗಿ ಹೇಳಿದ. "ಇದೆಲ್ಲ ನಿಮಗೆ ಅರ್ಥ ಆಗಲ್ಲ, ತಪ್ಪಿಲ್ಲ ಬಿಡಿ. ಅಂದಹಾಗೆ ನಿಮ್ಮಿಂದ ಒಂದು ಸಹಾಯ ಆಗಬೇಕು."

ಸಂಶೋಧನೆಯ ಫಲವನ್ನು ಜನರಿಗೆ ಮರಳಿ ಒಪ್ಪಿಸುವ ಕಾರ್ಯಕ್ರಮವೊಂದು ನಿಯಮದಂತೆ ಆಗಬೇಕಿತ್ತು, ಅದರ ಫೋಟೋ ಬೇಕಿತ್ತು. ಇಪ್ಪತ್ತೈದು ಹೆಂಗಸರನ್ನು ಸೇರಿಸಿದರೆ ಸಾಕು. ಆಮೇಲೆ ಅವನ ಪದಗ್ರಹಣ ಸಮಾರಂಭಕ್ಕೆ ಐದು ಜನ ಬರಬೇಕು, ಸ್ನಾನ ಮಾಡಿ, ಒಳ್ಳೆಯ ಬಾತಿಕ್ ಬಟ್ಟೆ ಉಟ್ಟು. ವೇದಿಕೆಯ ಮೇಲೆ ಸಮುದಾಯದ ಪರವಾಗಿ ನೆನಪಿನ ಕಾಣಿಕೆ ಕೊಡಬೇಕು. "ನಿಮ್ಮ ಚಿಪ್ಪನ್ನೇ ಅಂಟಿಸಿ ಒಂದು ಚೌಕಟ್ಟು ಮಾಡಿ. ಒಳಗೆ ಹಾಕೋಕೆ ಧನ್ಯವಾದದ ನಾಲ್ಕು ಸಾಲು ಲಿನ್ತಾಂಗ್ ಬರೆದುಕೊಡ್ತಾಳೆ. ಕುಲಪತಿಗಳಿಗೆ ಇಂಥದ್ದೆಲ್ಲ ಇಷ್ಟ."

ದರ್ಸಿನಾ ಆ ಖಾಲಿ ಕುರ್ಚಿಯ ಮೇಲಿನ ಪತ್ರಿಕೆಯನ್ನೇ ನೋಡುತ್ತಿದ್ದಳು. ಬೇಯಿಸಿದ ಚಿಪ್ಪಿಯಲ್ಲಿ ಬಾಯಿ ಬಿಡದೆ ಉಳಿಯುವವು ಎರಡು ಜಾತಿ. ಕೆಲವು ಮೊದಲೇ ಸತ್ತಿರುತ್ತವೆ, ಅವನ್ನು ಎಸೆಯಬೇಕು. ಕೆಲವಕ್ಕೆ ಹಬೆ ತಾಕಿರುವುದಿಲ್ಲ, ಅಷ್ಟೇ.

"ಆಗ್ಲಿ ಪಾಕ್," ಎಂದಳು. "ಮರಳಿ ಒಪ್ಪಿಸೋ ದಿನ ಊಟ ಮಾತ್ರ ನಮ್ಮದು. ನಮ್ಮ ಅಡುಗೆ ನೀವು ಒಂದಿನಾನೂ ತಿಂದಿಲ್ಲ."

*

ಮತ್ತೊಮ್ಮೆ ಇಪ್ಪತ್ತೈದು ಜನ ಬೇಕು ಎಂದಾಗ ವಾರ್ಕಿನಾ ಕತ್ತಿ ಹಿಡಿದೇ ಎದ್ದಳು. ಈ ರಂಡೆ ಮತ್ತೆ ಹಾದರಕ್ಕೆ ಹೊರಟಳು, ಕೊರಳಿಗೆ ಬಿಲ್ಲೆ ಬೇಕಂತೆ ಎಂದು ಓಣಿಗೆಲ್ಲ ಕೇಳಿಸುವ ಹಾಗೆ ಅಂದಳು. ದರ್ಸಿನಾ ಅವಳನ್ನು ಡ್ರಮ್ಮಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಸೊಂಟದಿಂದ ಒಂದು ಹಾಳೆ ತೆಗೆದು ತೋರಿಸಿದಳು. ಮರದ ಅಳತೆಪಟ್ಟಿ ಇಟ್ಟು ಎಳೆದ ಗೆರೆ. ಸಂಖ್ಯೆ, ಹೆಸರು, ಮನೆ, ಸಹಿ. ಮೇಲೆ ನಾಲ್ಕು ಬೆರಳು ಖಾಲಿ.

ವಾರ್ಕಿನಾ ಅದನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಇಂಥ ಹಾಳೆಯನ್ನು ಗುರುತಿಸಲು ಓದು ಬೇಕಿರಲಿಲ್ಲ.

"ಅವ್ನು ಹಾಕ್ತಾನಾ?"

"ನಾವು ಹಾಕ್ಲಿಲ್ವಾ?"

"ನಾವು ದಡ್ಡಮುಂಡೇರು ಕಣೆ. ಅವ್ನು ಓದ್ದೋನು."

"ಓದಿದ್ದು ಬೇರೆ, ಡಬ್ಬಿ ಬೇರೆ. ಅವ್ನೂ ಹುಟ್ದಾಗಿಂದ ಹಿಂಗೇ ತಿಂದವ್ನೆ. ಡಬ್ಬಿ ಕಂಡ್ರೆ ಕೈ ತಾನೇ ಪೆನ್ನು ಹುಡುಕ್ತದೆ."

ವಾರ್ಕಿನಾ ನಗಲಿಲ್ಲ. ದರ್ಸಿನಾಳ ಹುಬ್ಬಿನ ಗಾಯಕ್ಕೆ ಹೆಬ್ಬೆರಳು ತಾಕಿಸಿ ನೋಡಿ, "ಒಣಗ್ಲಿಲ್ವಲ್ಲೇ ಇನ್ನ," ಎಂದು, ಸೌದೆ ಒಡೆಯಲು ಹೋದಳು.

*

ಮರಳಿ ಒಪ್ಪಿಸುವ ದಿನ ಬಿಳಿ ವ್ಯಾನು ಹತ್ತು ಗಂಟೆಗೆ ಬಂತು. ಓಣಿಯ ಬಾಯಲ್ಲಿ ಆಗಲೇ ಒಂದು ಹಳದಿ ಜೆಸಿಬಿ ತಂದು ನಿಲ್ಲಿಸಿದ್ದರು, ನೋಟೀಸಿನ ಗಡುವು ಮುಗಿಯುವುದನ್ನು ಕಾಯುವಂತೆ. ಪ್ರಸೆತ್ಯೊ ಅದರ ಪಕ್ಕದಲ್ಲೇ ಮೂಗಿಗೆ ಕರವಸ್ತ್ರ ಹಿಡಿದು ನಡೆದುಬಂದ. ಪುಸ್ತಕದ ಒಂದು ಪ್ರತಿಯನ್ನು ಮಾಕ್ ರಾಸ್ತಿಯ ಕೈಗಿಟ್ಟು, ಅವಳು ಅದನ್ನು ತಲೆಕೆಳಗಾಗಿ ಹಿಡಿದಿದ್ದನ್ನು ನೋಡಿ ತಾನೇ ತಿರುಗಿಸಿ ಹಿಡಿಸಿ, ಫೋಟೋ ತೆಗೆಸಿಕೊಂಡ. ಹನ್ನೆರಡು ನಿಮಿಷ ಮಾತಾಡಿದ. ಇಪ್ಪತ್ತೈದು ಹೆಂಗಸರು ಚಪ್ಪಾಳೆ ತಟ್ಟಿದರು. ಹಿಂದಿನ ಮೂರು ಸಭೆಗಳಿಗಿಂತ ಜೋರಾಗಿ ತಟ್ಟಿದರು.

ಊಟಕ್ಕೆ ದರ್ಸಿನಾ ನಿಜವಾಗಿಯೂ ಒಳ್ಳೆಯದನ್ನೇ ಮಾಡಿದ್ದಳು. ಕೆಂಪು ಮೆಣಸು, ಹುಣಸೆ, ಬೆಲ್ಲ ಹಾಕಿ ಬಾಡಿಸಿದ ಚಿಪ್ಪಿ, ಬಾಳೆಲೆಯಲ್ಲಿ ಸುತ್ತಿದ ಬಿಸಿ ಅನ್ನ, ಎಲ್ಲ ರಟ್ಟಿನ ಡಬ್ಬಿಯಲ್ಲಿ. ಡಬ್ಬಿಗಳ ಮುಂದೆ ಮೇಜು, ಮೇಜಿನ ಮೇಲೆ ಹಾಳೆ, ಹಾಳೆಯ ಮೇಲೆ ಪೆನ್ನು. ಹಿಂದೆ ಬಿಲ್ಲೆ ಹಾಕಿಕೊಂಡ ದರ್ಸಿನಾ.

"ಮುಖ್ಯ ಅತಿಥಿಗಳು ಮೊದಲ ಸಾಲಿನಲ್ಲಿ ಪಾಕ್."

ಪ್ರಸೆತ್ಯೊ ಒಂದು ಚಿಪ್ಪಿ ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸುತ್ತ, ಪಕ್ಕದವನೊಡನೆ ವ್ಯಾನು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಮಾತಾಡುತ್ತ, ಹಾಳೆಯತ್ತ ನೋಡದೆಯೇ ಪೆನ್ನು ಎತ್ತಿದ. ಹೆಸರಿನ ಮುಂದೆ, ಪದಗ್ರಹಣಕ್ಕೆ ಇನ್ನೂ ಒಂಬತ್ತು ದಿನ ಇದ್ದರೂ, ಪ್ರೊಫೆಸರ್ ಎಂದು ಸೇರಿಸಿ, ದೊಡ್ಡದಾಗಿ ಸಹಿ ಹಾಕಿದ. ಎಣ್ಣೆಯ ಹೆಬ್ಬೆರಳು ಹಾಳೆಯ ಮೇಲ್ತುದಿಯಲ್ಲಿ ಒಂದು ಕೆಂಪು ಕಲೆ ಬಿಟ್ಟಿತು. ಅವನ ಹಿಂದೆ ನಾಲ್ವರು ಶಿಷ್ಯರು ಹಾಕಿದರು. ಕೊನೆಗೆ ಲಿನ್ತಾಂಗ್ ಬಂದಳು. ಪೆನ್ನು ಹಿಡಿದವಳು ಮೇಲಿನ ಖಾಲಿ ಜಾಗ ನೋಡಿದಳು, ದರ್ಸಿನಾಳನ್ನು ನೋಡಿದಳು.

"ಆ ಆರು ಹಾಳೇನ ಪ್ರಿಂಟರಿಗೆ ಹಾಕಿದ್ದು ನಾನೇ ಬು," ಎಂದಳು, ತುಟಿ ಅಲುಗದ ಹಾಗೆ.

"ಗೊತ್ತು. ಎಣ್ಣೆ ಕಲೆ ಮೇಲೆ ಹಾಕಿದ್ದೀಯ."

ಲಿನ್ತಾಂಗ್ ಸಹಿ ಹಾಕಿದಳು. ಡಬ್ಬಿ ಮಾತ್ರ ತೆಗೆದುಕೊಳ್ಳಲಿಲ್ಲ. ದರ್ಸಿನಾಳಿಗೆ ಅದರಿಂದ ಮನಸ್ಸೇನೂ ಕರಗಲಿಲ್ಲ.

ವ್ಯಾನು ಹೋದ ಮೇಲೆ ಅವಳು ಚಾಪೆಯ ಮೇಲೆ ಕೂತು, ಹಗಲು ಬೆಳಕಿನಲ್ಲಿ, ಹೆಂಗಸರೆಲ್ಲ ನೋಡುತ್ತಿರುವಂತೆ ಆ ನಾಲ್ಕು ಬೆರಳು ಜಾಗ ತುಂಬಿಸಿದಳು. ಅವಸರ ಮಾಡಲಿಲ್ಲ. ಒಂದು ಅಕ್ಷರವನ್ನು ಬೇಕೆಂದೇ ಆ ಕೆಂಪು ಕಲೆಯ ಮೇಲೆ ಬರೆದಳು.

*

ಸಭಾಂಗಣದಲ್ಲಿ ಅವರಿಗೆ ಕೊನೆಯ ಸಾಲಿನಲ್ಲಿ ಜಾಗ ಕೊಟ್ಟಿದ್ದರು, ಶೌಚಾಲಯದ ಬಾಗಿಲ ಪಕ್ಕ. ಸ್ವಯಂಸೇವಕಿಯೊಬ್ಬಳು ಬಂದು ಐವರ ಮೇಲೂ ಅತ್ತರು ಸಿಂಪಡಿಸಿ ಹೋದಳು. ಕೇಳಲಿಲ್ಲ. "ನಾವೇನು ಹೆಣಾನಾ ಇವ್ಳಪ್ಪನ್," ಎಂದು ವಾರ್ಕಿನಾ ಸೀನಿದಳು. ಮಾಕ್ ರಾಸ್ತಿ ಅವಳ ತೊಡೆಗೆ ಜಿಗುಟಿ ಸುಮ್ಮನಾಗಿಸಿದಳು.

ಪ್ರಸೆತ್ಯೊ ಕಪ್ಪು ನಿಲುವಂಗಿ, ಕೊರಳಿಗೆ ಹಿತ್ತಾಳೆಯ ಸರ ತೊಟ್ಟು ಐವತ್ತು ನಿಮಿಷ ಉಪನ್ಯಾಸ ಓದಿದ. ಪರದೆಯ ಮೇಲೆ ಅವರ ಓಣಿ ಬಂತು, ಹಲಗೆ ಬಂತು, ಚುಕ್ಕಿಗಳ ನಕ್ಷೆ ಬಂತು. ಬಡವರ ಮೌನವನ್ನು ಓದುವ ವಿಧಾನವೊಂದನ್ನು ತಾನು ಕಂಡುಹಿಡಿದಿದ್ದೇನೆ ಎಂದ. ಮುಂದಿನ ಸಾಲಿನಲ್ಲಿ ನಗರಾಡಳಿತದ ದೊಡ್ಡವರು, ಅವರ ನಡುವೆ ವಸತಿ ಇಲಾಖೆಯ ಸುತೆಜೊ. ಕ್ಯಾಮೆರಾಗಳು ಎಲ್ಲವನ್ನೂ ನೇರಪ್ರಸಾರ ಮಾಡುತ್ತಿದ್ದವು.

ಕಾಣಿಕೆ ಪರೀಕ್ಷಿಸುವ ಕೆಲಸ ಲಿನ್ತಾಂಗಳದು. ಅವಳು ವೇದಿಕೆಯ ಪಕ್ಕ ಬಟ್ಟೆ ಸರಿಸಿ ಚೌಕಟ್ಟು ನೋಡಿದಳು. ಹಸಿರು ಚಿಪ್ಪುಗಳನ್ನು ಒತ್ತೊತ್ತಾಗಿ ಅಂಟಿಸಿದ ಸೊಗಸಾದ ಚೌಕಟ್ಟು. ಗಾಜಿನ ಹಿಂದೆ ತಾನು ಬರೆದುಕೊಟ್ಟ ನಾಲ್ಕು ಸಾಲು ಇರಲಿಲ್ಲ. ಅವಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಬಟ್ಟೆಯನ್ನು ಮೊದಲಿದ್ದ ಹಾಗೇ ಮುಚ್ಚಿ, "ಸರಿಯಿದೆ, ಕಳಿಸಿ," ಎಂದಳು.

ದರ್ಸಿನಾ ಮೆಟ್ಟಿಲು ಹತ್ತಿದಳು. ಪ್ರಸೆತ್ಯೊ ಈ ಸಲ ತಾನೇ ಕೈ ಮುಂದಕ್ಕೆ ಚಾಚಿದ, ಹಣೆಗೆ ಒತ್ತಿಕೊಳ್ಳಲಿ ಎಂದು. ಕ್ಯಾಮೆರಾ ಹತ್ತಿರ ಬಂದಿತ್ತು. ಅವಳು ಆ ಕೈಗೆ ಚೌಕಟ್ಟನ್ನು ಕೊಟ್ಟಳು. ನಿರೂಪಕ ವಾಡಿಕೆಯಂತೆ ಬಟ್ಟೆ ತೆಗೆದು, ಒಳಗೆ ಬರೆದಿದ್ದನ್ನು ಧ್ವನಿವರ್ಧಕದಲ್ಲಿ ಗಂಭೀರವಾಗಿ ಓದತೊಡಗಿದ.

"ಕಂಪುಂಗ್ ತಿರಮ್ ಓಣಿಯ ನೂರ ಹನ್ನೆರಡು ಹೆಂಗಸರು ಹಾಕಿದ ಸಹಿ ಊಟದ ಡಬ್ಬಿಗೆ ಹಾಕಿದ್ದು. ಊರು ಬಿಡುತ್ತೀರಾ ಎಂದು ಅವರನ್ನು ನಾವು ಕೇಳಲಿಲ್ಲ. ಕೇಳದೆಯೇ ಒಪ್ಪಿದರು ಎಂದು ಬರೆದೆವು. ಇದು ನಿಜವೆಂದು ಕೆಳಗೆ ಸಹಿ ಮಾಡಿರುವ ನಾವು ಸ್ವಇಚ್ಛೆಯಿಂದ ಒಪ್ಪುತ್ತೇವೆ. ಒಂದು, ಪ್ರೊಫೆಸರ್ ಡಾಕ್ಟರ್ ಪ್ರಸೆತ್ಯೊ..."

ನಿರೂಪಕನ ಬಾಯಿ ಅಲ್ಲಿಗೆ ನಿಂತಿತು. ಕುಲಪತಿ ಎದ್ದು ಬಂದು ಗಾಜಿಗೆ ಕಣ್ಣು ಹತ್ತಿರ ತಂದರು. ಆ ಸಹಿ ಅವರಿಗೆ ಗೊತ್ತಿತ್ತು. ತಿಂಗಳಿಗೆ ಇಪ್ಪತ್ತು ಕಡತದಲ್ಲಿ ನೋಡುತ್ತಿದ್ದರು.

"ಇದು ನಿಮ್ಮದೇನಾ?" ಎಂದರು.

ಪ್ರಸೆತ್ಯೊನ ಕುತ್ತಿಗೆ ಕೆಂಪಾಗಿ, ಆ ಕೆಂಪು ಕಿವಿಗೇರಿತು. ನಿರೂಪಕನ ಕೈಯಿಂದ ಮೈಕು ಕಿತ್ತುಕೊಂಡ.

"ಸಹಿ ನನ್ನದೇ. ಆದರೆ ಇದು ಮೋಸ. ಅವತ್ತು ಊಟದ ಡಬ್ಬಿ ತಗೊಳ್ಳುವಾಗ ಹಾಕಿದ ಹಾಜರಿ ಸಹಿ ಇದು. ಮೇಲೆ ಏನೂ ಬರೆದಿರಲಿಲ್ಲ. ಆಮೇಲೆ ಬರೆದುಕೊಂಡಿದ್ದಾರೆ. ಊಟದ ಡಬ್ಬಿಗೆ ಹಾಕಿದ ಸಹಿ ಒಪ್ಪಿಗೆ ಹೇಗಾಗುತ್ತೆ?"

ಧ್ವನಿವರ್ಧಕ ಆ ಕೊನೆಯ ಮಾತನ್ನು ಸಭಾಂಗಣದ ಹಿಂದಿನ ಗೋಡೆಗೆ ಹೊಡೆಸಿ ಮರಳಿ ತಂದಿತು. ಕೊನೆಯ ಸಾಲಿನಲ್ಲಿ ವಾರ್ಕಿನಾ ಎದ್ದು ನಿಂತಿದ್ದಳು.

ದರ್ಸಿನಾ ಪ್ರಸೆತ್ಯೊನ ಕಡೆ ತಿರುಗಲಿಲ್ಲ. ವೇದಿಕೆಯ ಅಂಚಿಗೆ ಬಂದು ಮುಂದಿನ ಸಾಲಿನ ಸುತೆಜೊನನ್ನು ನೋಡಿದಳು. ಮೈಕು ಬೇಕಾಗಲಿಲ್ಲ. ಡ್ರಮ್ಮಿನ ಹಬೆಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಿದ್ದ ಗಂಟಲು.

"ಕೇಳಿಸ್ತಾ ಪಾಕ್? ನಾಲ್ಕು ಜನರ ಎದುರಿಗೆ ಅಂದಿದ್ರಿ. ನಾನೂರು ಜನ ಅವ್ರೆ. ಫೈಲು ಕೆಳಗಿಡಿ."

ಸುತೆಜೊ ತನ್ನ ಶೂಗಳನ್ನು ನೋಡಿಕೊಂಡ. ಆಮೇಲೆ ಫೋನು ಬಂದವನಂತೆ ಎದ್ದ. ಎರಡು ಕಡೆಯಿಂದ ಕಾವಲುಗಾರರು ಬಂದು ದರ್ಸಿನಾಳ ರಟ್ಟೆ ಹಿಡಿದರು. ಅವಳು ಕೈ ಕೊಡವಿ ತಾನಾಗಿಯೇ ಇಳಿದಳು. ಇಳಿಯುವಾಗ ಮಾತ್ರ ಒಮ್ಮೆ ಹಿಂದಿರುಗಿ ನೋಡಿದಳು. ಪ್ರಸೆತ್ಯೊ ಚೌಕಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ, ಒರೆಸಿಕೊಳ್ಳಲು ಒಂದು ಕೈಯೂ ಬಿಡುವಿರಲಿಲ್ಲ.

ಬಾಗಿಲಲ್ಲಿ ಅತಿಥಿಗಳಿಗೆ ಊಟದ ಡಬ್ಬಿ ಪೇರಿಸಿಟ್ಟಿದ್ದರು. ಅದರ ಮುಂದೆ ಮೇಜು, ಹಾಳೆ, ಪೆನ್ನು. ಸಮಾರಂಭ ಹಾಗೆ ಮುರಿದುಬಿದ್ದದ್ದರಿಂದ ಜನ ಒಟ್ಟಿಗೆ ಬಾಗಿಲಿಗೆ ಬಂದು ಸಾಲು ನಿಂತಿತ್ತು. ಸುತೆಜೊ ಎಲ್ಲರಿಗಿಂತ ಮುಂದಿದ್ದ. ಅಭ್ಯಾಸಬಲದಿಂದ ಅವನ ಕೈ ಪೆನ್ನು ಎತ್ತಿತು. ಹಾಳೆಗೆ ತಾಕಿಸುವ ಮುಂಚೆ ಅವನು ಮೇಲೆ ನೋಡಿದ. ನಾಲ್ಕು ಬೆರಳು ಜಾಗ ಖಾಲಿಯಿತ್ತು. ಪೆನ್ನನ್ನು ಅದು ಸುಡುತ್ತದೆಂಬಂತೆ ಕೆಳಗಿಟ್ಟು, ಡಬ್ಬಿ ಬಿಟ್ಟು ಹೊರಗೆ ನಡೆದ. ಅವನ ಹಿಂದಿನವರೂ ಹಾಳೆಯನ್ನು ನೋಡಿದರು. ಯಾರೂ ಪೆನ್ನು ಮುಟ್ಟಲಿಲ್ಲ.

ವಾರ್ಕಿನಾ ಆ ಸಾಲನ್ನು ಭುಜದಿಂದ ಸೀಳಿಕೊಂಡು ಬಂದು, ಒಂದರ ಮೇಲೊಂದು ಐದು ಡಬ್ಬಿ ಎತ್ತಿಕೊಂಡಳು. ಸಹಿ ಹಾಕಬೇಕು ಎಂದು ಮೇಜಿನ ಹುಡುಗಿ ಅಂದಳು.

"ನಿಮ್ಮಪ್ಪನ ಕೈಲಿ ಹಾಕ್ಸು," ಎಂದು ವಾರ್ಕಿನಾ ಹೊರಟಳು.

*

ಅವರು ಓಣಿಗೆ ಬಂದಾಗ ಬಿಸಿಲು ಇನ್ನೂ ಇತ್ತು. ನೋಟೀಸು ಗೋಡೆಯ ಮೇಲೇ ಇತ್ತು. ಜೆಸಿಬಿ ಹಿಂದಕ್ಕೂ ಹೋಗಿರಲಿಲ್ಲ, ಮುಂದಕ್ಕೂ ಬಂದಿರಲಿಲ್ಲ. ಅದರ ನೆರಳಿನಲ್ಲಿ ಚಾಲಕ ಟೋಪಿ ಮುಖದ ಮೇಲೆ ಹಾಕಿಕೊಂಡು ಮಲಗಿದ್ದ. ಹದಿನೇಳು ದಿನ ಬಾಕಿಯಿತ್ತು.

ಮಾಕ್ ರಾಸ್ತಿ ಬಾಡಿಗೆಯ ಬಾತಿಕ್ಕನ್ನು ಮೊಣಕಾಲ ತನಕ ಎತ್ತಿ ಕಟ್ಟಿಕೊಂಡಳು. ತನ್ನ ಜಾಗದ ಹಿಂದಿದ್ದ ಖಾಲಿ ಚಿಪ್ಪುಗಳನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ನಡೆದುಹೋಗಿ, ಯಂತ್ರದ ಉಕ್ಕಿನ ಚಕ್ರಪಟ್ಟಿಯ ಮುಂದೆ ಸುರಿದಳು. ಚಾಲಕ ಟೋಪಿ ಸರಿಸಿ, "ಏನಜ್ಜಿ ಇದು?" ಎಂದ.

"ಕಸ ಕಣಪ್ಪ. ಎಲ್ಲಾದ್ರೂ ಹಾಕ್ಬೇಕಲ್ಲ," ಎಂದಳು ಮುದುಕಿ, ಇನ್ನೊಂದು ಬುಟ್ಟಿಗೆ ಹಿಂದಿರುಗುತ್ತ.

ವಾರ್ಕಿನಾ ಡಬ್ಬಿಗಳನ್ನು ಹಲಗೆಯ ಮೇಲಿಟ್ಟು ಸಲಿಕೆ ತಂದಳು. ದರ್ಸಿನಾ ಕೊರಳಿನ ಬಿಲ್ಲೆ ಕಿತ್ತು ಚಿಪ್ಪಿನ ಬುಟ್ಟಿಯೊಳಗೆ ಹಾಕಿ, ಬುಟ್ಟಿಯ ಒಂದು ಕಿವಿ ತಾನು ಹಿಡಿದಳು. ಇನ್ನೊಂದು ಕಿವಿಯನ್ನು ವಾರ್ಕಿನಾ ಹಿಡಿದಳು. ಓಣಿಯ ಐವತ್ತು ವರ್ಷದ ಚಿಪ್ಪು ಬಿದ್ದಿತ್ತು ಅಲ್ಲಿ, ಒಂದೊಂದು ಮನೆಯ ಹಿಂದೆ ಒಂದೊಂದು ಗುಡ್ಡ. ಸಂಜೆಯ ಹೊತ್ತಿಗೆ ಯಂತ್ರದ ಒಂದು ಚಕ್ರಪಟ್ಟಿ ಪೂರ್ತಿ ಮುಚ್ಚಿತ್ತು, ಹೆಂಗಸರು ಇನ್ನೊಂದು ಬದಿಗೆ ಹೋಗಿದ್ದರು.